ಹದಿನಾಲ್ಕು ವರ್ಷದ ಹುಡುಗನ ಹತ್ರ ದೇಶ ಯಾವ್ದು ಅಂತ ಕೇಳ್ಬೇಡ್ರಪ್ಪಾ

ನಮಸ್ಕಾರ, ವಿರಾಜಪೇಟೆಯಿಂದ ಮಾತಾಡ್ತಿದೀನಿ, ಹಿಂದೆ ಡಬಡಬ ಅಂತ ಕೇಳಿಸ್ತಿದ್ರೆ ಅದು ಮೈಕ್ ಪ್ರಾಬ್ಲಮ್ ಅಲ್ಲ, ಶೀಟ್ ಮೇಲೆ ಮಳೆ, ಅಡ್ಜಸ್ಟ್ ಮಾಡ್ಕೊಳ್ಳಿ. ಹೋದ ವಿಡಿಯೋದಲ್ಲಿ ಎರಡು ಪಾಸ್‌ಪೋರ್ಟ್ ಇದ್ದು ಎರಡರಲ್ಲಿ ಯಾವ ದೇಶದ ಟೀಮಿಗೆ ಬೇಕಾದ್ರೂ ಆಡ್ಬೋದಾದ ಫುಟ್ಬಾಲ್ ಹುಡುಗರ ಬಗ್ಗೆ ಸುಮ್ನೆ ಎರಡು ಮಾತು ಹೇಳಿದ್ದೆ ಅಷ್ಟೇ. ಅದಕ್ಕೊಬ್ಬ ಮಹಾನುಭಾವ ಕಾಮೆಂಟ್ ಹಾಕಿದಾನೆ, "ಉಂಡ ಮನೆಗೆ ಎರಡು ಬಗೆಯೋ ಇಂಥ ಹುಡುಗ್ರನ್ನ ಅಂಡರ್-15 ಟೀಮಿಗೇ ಸೇರಿಸ್ಬಾರ್ದು, ಈ ದೇಶಕ್ಕೇ ಆಡ್ತೀನಿ ಅಂತ ಮೊದ್ಲೇ ಬಾಂಡ್ ಬರೆಸ್ಕೋಬೇಕು" ಅಂತ. ಬಾಂಡಂತೆ ಬಾಂಡು! ಮೀಸೆ ಮೊಳೀದಿರೋ ಹುಡುಗನ ಹತ್ರ ಸ್ಟ್ಯಾಂಪ್ ಪೇಪರ್ ಮೇಲೆ ದೇಶ ಬರೆಸ್ಕೊಳ್ಳೋದಾ ಮಾರಾಯ?

ನೋಡಿ, ನಮ್ಮ ಮನೆ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದು ತಿಂಗಳಾದ್ರೂ ಸೈನ್ಸಾ ಕಾಮರ್ಸಾ ಅಂತ ಗೊತ್ತಿರಲ್ಲ, ಅಪ್ಪ ಒಂದ್ ಕಡೆ ಎಳೀತಾನೆ, ಟ್ಯೂಷನ್ ಮೇಷ್ಟ್ರು ಇನ್ನೊಂದ್ ಕಡೆ, ಕೊನೆಗೆ ಫ್ರೆಂಡ್ ಎಲ್ಲಿ ಸೇರ್ದ ಅಲ್ಲಿ ಸೇರ್ತಾರೆ. ಅದಕ್ಕಿಂತ ಸಣ್ಣ ವಯಸ್ಸಿನವನ ಹತ್ರ ಜೀವನಪೂರ್ತಿಗೆ ದೇಶ ಹೇಳು ಅಂತೀರಲ್ಲ. ಕೇಳ್ಬೇಡ್ರಪ್ಪಾ. ಇಷ್ಟೇ ನಾನು ಹೇಳ್ತಿರೋದು.

ಫುಟ್ಬಾಲ್ ಆಟಗಾರ ಜಮಾಲ್ ಮುಸಿಯಾಲನ್ನ ತಗೊಳ್ಳಿ. ಹುಟ್ಟಿದ್ದು 2003ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಲ್ಲಿ, 7 ವರ್ಷ ಇದ್ದಾಗ ಅಪ್ಪ ಅಮ್ಮ ಇಂಗ್ಲೆಂಡಿಗೆ ಕರ್ಕೊಂಡು ಹೋದ್ರು, ಅಲ್ಲಿನ ಚೆಲ್ಸಿ ಕ್ಲಬ್ಬಿನ ಅಕಾಡೆಮೀಲಿ ಬೆಳೆದ, ಇಂಗ್ಲೆಂಡ್ ಪರ ಅಂಡರ್-15ರಿಂದ ಹಿಡಿದು ಅಂಡರ್-21ರ ತನಕ ಆಡ್ದ, ಮಧ್ಯದಲ್ಲಿ ಜರ್ಮನಿ ಹುಡುಗ್ರ ಟೀಮಲ್ಲೂ ಆಡಿ ಬಂದ. 2021ರ ಫೆಬ್ರವರಿಯಲ್ಲಿ, 18 ತುಂಬೋಕೆ ಇನ್ನೇನು ಎರಡು ದಿನ ಇದೆ ಅನ್ನುವಾಗ, ಜರ್ಮನಿಗೇ ಆಡ್ತೀನಿ ಅಂದ. ತಪ್ಪೇನು? ಅಪ್ಪನ ಕಡೆಯಿಂದ ನೈಜೀರಿಯಾ ಕೂಡ ಇತ್ತು. ಇಂಗ್ಲೆಂಡಿನವರು ಅವನಿಗೆ ಹದಿನಾಲ್ಕರಲ್ಲಿ ಬಾಂಡ್ ಬರೆಸ್ಕೊಂಡಿದ್ರೆ? ದೇಶ ಮಕ್ಕಳ ಹತ್ರ ಕೇಳ್ಬೇಡಿ ಅಂದ್ರೆ ಕೇಳ್ಬೇಡಿ.

"ದೇಶದ ಫುಟ್ಬಾಲ್ ಫೆಡರೇಷನ್ ದುಡ್ಡು ಖರ್ಚು ಮಾಡಿ ಟ್ರೈನಿಂಗ್ ಕೊಟ್ಟಿದೆ ಬ್ರೋ" ಅಂತ ಇನ್ನೊಬ್ಬ. ಏನ್ ಕೊಟ್ಟಿದೆ ಬ್ರೋ? ದಿನಾ ಬೆಳಿಗ್ಗೆ ಎಬ್ಬಿಸಿ ಓಡ್ಸೋದು ಕ್ಲಬ್ಬು, ಗ್ರೌಂಡಿಗೆ ಬಿಟ್ಟು ಬರೋದು ಅವರಮ್ಮ, ಫೆಡರೇಷನ್ ಆಗಾಗ ನಾಲ್ಕು ದಿನ ಕ್ಯಾಂಪಿಗೆ ಕರೆದು ಒಂದು ಟ್ರ್ಯಾಕ್‌ಸೂಟ್ ಕೊಟ್ಟು ಕಳಿಸತ್ತೆ. ಟ್ರ್ಯಾಕ್‌ಸೂಟಿಗೆ ಜೀತ ಮಾಡ್ಬೇಕಾ?

ವಿಶ್ವ ಫುಟ್ಬಾಲ್ ನಡೆಸೋ ಫಿಫಾದವರಿಗೇ ಇದು ಅರ್ಥ ಆಗಿದೆ, ನಿಮಗೆ ಆಗಿಲ್ಲ. ಅಂಡರ್-15, ಅಂಡರ್-17 ಆಡಿದ್ರೆ ಯಾರೂ ಕಟ್ಟಿಬೀಳಲ್ಲ, ಆಗ್ಲೇ ಆ ಇನ್ನೊಂದು ದೇಶದ ಪೌರತ್ವ ಇದ್ರೆ ಆಮೇಲೆ ಒಂದ್ಸಲ ಬದಲಾಯಿಸ್ಬೋದು. ಸೀನಿಯರ್ ಟೀಮ್ ವಿಷ್ಯದಲ್ಲೂ 2020ರಲ್ಲಿ ರೂಲ್ ಸಡಿಲ ಮಾಡಿದ್ರು, 21 ತುಂಬೋ ಮೊದಲು ಆಡಿದ್ದು, ಅದೂ ಮೂರು ಮ್ಯಾಚ್ ಮೀರಿಲ್ಲ, ವರ್ಲ್ಡ್ ಕಪ್ಪು, ಯೂರೋ ಅಂದ್ರೆ ಯುರೋಪ್ ದೇಶಗಳ ಕಪ್ಪು, ಆ ಥರದ ಫೈನಲ್ ಟೂರ್ನಿ ಆಡಿಲ್ಲ, ಮೂರು ವರ್ಷ ಕಳೆದಿದೆ ಅಂದ್ರೆ ದಾರಿ ಇದೆ. ಯಾಕೆ ಮಾಡಿದ್ರು? ಮುನೀರ್ ಎಲ್ ಹದ್ದಾದಿ ಅನ್ನೋ ಆಟಗಾರನ ಕಥೆ ನೋಡಿ. 2014ರಲ್ಲಿ, 19 ವರ್ಷ, ಸ್ಪೇನ್ ಕರೀತು, ಮ್ಯಾಸಿಡೋನಿಯಾ ಮೇಲೆ ಯೂರೋ ಕ್ವಾಲಿಫೈಯರ್‌ನಲ್ಲಿ ಕೊನೇ ಗಳಿಗೆ ಸಬ್ ಆಗಿ ಇಳಿಸಿದ್ರು, ಆಮೇಲೆ ತಿರುಗಿ ನೋಡ್ಲಿಲ್ಲ. ಅವನು ಅಪ್ಪನ ದೇಶ ಮೊರೊಕ್ಕೊಗೆ ಆಡ್ತೀನಿ ಅಂದ್ರೆ ಆಗಲ್ಲ ಅಂದ್ರು, ಕೋರ್ಟಿಗೆ ಹೋದ, ಅಲ್ಲೂ ಸೋತ, 2018ರ ವರ್ಲ್ಡ್ ಕಪ್ ಮನೇಲಿ ಕೂತು ನೋಡ್ದ. ರೂಲ್ ಬದಲಾದ್ಮೇಲೆ 2021ರಲ್ಲಿ ಮೊರೊಕ್ಕೊ ಜರ್ಸಿ ಸಿಕ್ತು. ಕೊನೇ ಹತ್ತು ಹದಿನೈದು ನಿಮಿಷ ಆಡಿದ್ದಕ್ಕೆ ಆರೂವರೆ ವರ್ಷ ಹೋಯ್ತು ಸ್ವಾಮಿ! ಇದು ನಿಮ್ಮ ಬಾಂಡು.

ಒಂದ್ ನಿಮಿಷ, ಚಿಕ್ಕಪ್ಪನ ಮಗನ ಕಾಫಿ ಪುಡಿ. ರೊಬಸ್ಟಾ, ನಮ್ದೇ ತೋಟದ್ದು, ನಂಬರ್ ಡಿಸ್ಕ್ರಿಪ್ಷನ್ನಲ್ಲಿದೆ. ಅವನು ನನಗೆ ದುಡ್ಡು ಕೊಡಲ್ಲ, ಪುಡಿ ಕೊಡ್ತಾನೆ. ಹಾಂ, ಎಲ್ಲಿದ್ದೆ.

"ಯಮಾಲ್ 16ಕ್ಕೇ ಸ್ಪೇನ್ ಅಂತ ಡಿಸೈಡ್ ಮಾಡಿಲ್ವಾ?" ಬಂದ್ರಪ್ಪಾ ಸ್ಪೇನ್ ಸ್ಟಾರ್ ಲಮೀನ್ ಯಮಾಲ್ ಫ್ಯಾನ್ಸು. ಮಾಡ್ದ, ಒಪ್ಕೊಂಡೆ. ಅಪ್ಪ ಮೊರೊಕ್ಕೊ, ಅಮ್ಮ ಈಕ್ವಟೋರಿಯಲ್ ಗಿನಿ, 2023ರಲ್ಲಿ 16 ವರ್ಷಕ್ಕೆ ಸ್ಪೇನ್ ಸೀನಿಯರ್ ಟೀಮ್, 2024ರಲ್ಲಿ 17 ತುಂಬಿದ ಮಾರನೇ ದಿನ ಯೂರೋ ಫೈನಲ್. ಆ ಟೂರ್ನಿ ನಡೀವಾಗ ಹೋಟೆಲ್ ರೂಮಲ್ಲಿ ಕೂತು ಹೋಮ್‌ವರ್ಕ್ ಮಾಡ್ತಿದ್ದ ಹುಡುಗ ಅವನು, ಅವರ ಹೈಸ್ಕೂಲ್ ಪರೀಕ್ಷೆ ಪಾಸಾಗ್ಬೇಕಿತ್ತು! ಅಂಥವನು ಎಷ್ಟು ಜನ ಇದಾರೆ? ಒಬ್ಬ. ಉಳಿದ ಸಾವಿರ ಹುಡುಗ್ರನ್ನ ಅವನ ಲೆಕ್ಕದಲ್ಲಿ ಅಳೀಬೇಡಿ.

ಹೋದ ಪುತ್ತರಿ ಹಬ್ಬಕ್ಕೆ ಮೆಲ್ಬೋರ್ನಿಂದ ನಮ್ಮ ಸಂಬಂಧಿಕರ ಹುಡುಗ ಬಂದಿದ್ದ, ಅಲ್ಲೊಂದು ಕ್ಲಬ್ಬಲ್ಲಿ ಆಡ್ತಾನೆ. ಊಟಕ್ಕೆ ಕೂತಾಗ ಮಾವ ಒಬ್ರು, ಎರಡು ಪೆಗ್ ಒಳಗೆ ಹೋಗಿತ್ತು, "ಏನೋ, ಇಂಡಿಯಾಗಾ ಆಸ್ಟ್ರೇಲಿಯಾಗಾ, ಈಗ್ಲೇ ಹೇಳು" ಅಂತ ಹಿಡ್ಕೊಂಡ್ರು. ಮನೆಯೆಲ್ಲಾ ಸೈಲೆಂಟು. ಹುಡುಗ ತಟ್ಟೆ ನೋಡ್ದ, ಅವರಮ್ಮನ ಮುಖ ನೋಡ್ದ, "ಇನ್ನೊಂದು ಅಕ್ಕಿರೊಟ್ಟಿ ಇದ್ಯಾ?" ಅಂದ. ಮಾವಂಗೆ ಸಿಟ್ಟು. ನನಗೆ ಅದಕ್ಕಿಂತ ಒಳ್ಳೇ ಉತ್ತರ ಗೊತ್ತಿಲ್ಲ.

ಅಲ್ಲಾ, ಇದೇ ಬಾಂಡ್ ಗಿರಾಕಿಗಳೇ ಇನ್ನೊಂದ್ ಕಡೆ ಬರೀತಾರೆ, "ಓಸಿಐ ಹುಡುಗ್ರನ್ನ, ಅಂದ್ರೆ ವಿದೇಶಿ ಪಾಸ್‌ಪೋರ್ಟ್ ಇರೋ ಭಾರತ ಮೂಲದವರನ್ನ, ಕರ್ಕೊಂಡು ಬನ್ನಿ, ಹಮ್ಜಾ ಚೌಧರಿ ಬಾಂಗ್ಲಾಗೆ ಬಂದಿಲ್ವಾ" ಅಂತ. ಹಮ್ಜಾ ಇಂಗ್ಲೆಂಡ್ ಅಂಡರ್-21 ಆಡಿದೋನು ಕಣಯ್ಯಾ! 2025ರ ಮಾರ್ಚಲ್ಲಿ ಶಿಲ್ಲಾಂಗಲ್ಲಿ ನಮ್ಮ ಮೇಲೇ ಬಾಂಗ್ಲಾ ಪರ ಮೊದಲ ಮ್ಯಾಚ್ ಆಡ್ದ. ನಿನ್ನ ಲೆಕ್ಕದಲ್ಲಿ ಅವನೂ ದ್ರೋಹಿನೇ. ನಮಗೆ ಬಂದ್ರೆ ದೇಶಪ್ರೇಮ, ನಮ್ಮಿಂದ ಹೋದ್ರೆ ದ್ರೋಹ, ಚೆನ್ನಾಗಿದೆ. ನಮ್ಮಲ್ಲಿ ಎರಡು ಪೌರತ್ವಕ್ಕೆ ಜಾಗನೇ ಇಲ್ಲ, ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾ ಬಿಟ್ಟು ನಮ್ಮ ಪಾಸ್‌ಪೋರ್ಟ್ ತಗೊಂಡ, 32 ವರ್ಷದ ಗಂಡಸು, ಯೋಚ್ನೆ ಮಾಡಿ ಮಾಡ್ದ, ಭೇಷ್. ಅದನ್ನ ಮಗು ಮಾಡಕ್ಕಾಗತ್ತಾ? ನಮ್ಮ 1955ರ ಪೌರತ್ವ ಕಾಯ್ದೇಲೇ ಇದೆ, ಅಪ್ಪ ಅಮ್ಮ ಭಾರತದ ಪೌರತ್ವ ಬಿಟ್ಕೊಟ್ಟು ಅದ್ರ ಜೊತೆ ಮಗುಂದೂ ಹೋದ್ರೆ, ದೊಡ್ಡವನಾದ್ಮೇಲೆ ಒಂದು ವರ್ಷದೊಳಗೆ ವಾಪಸ್ ಕೇಳ್ಬೋದು. ಸರ್ಕಾರನೇ ಕಾಯತ್ತೆ, ನಿಮಗೆ ಕಾಯಕ್ಕಾಗಲ್ಲ!

"ಹಾಕಿ ಊರಲ್ಲಿ ಕೂತು ಫುಟ್ಬಾಲ್ ಮಾತಾಡ್ತೀಯಾ" ಅನ್ನೋರಿಗೆ, ಸುಂಟಿಕೊಪ್ಪಕ್ಕೆ ಬನ್ನಿ, ಗೋಲ್ಡ್ ಕಪ್ ಫುಟ್ಬಾಲ್ ಟೈಮಲ್ಲಿ, ಆಮೇಲೆ ಮಾತಾಡಣ. ಕೇಳ್ಬೇಡಿ, ಕೇಳ್ಬೇಡಿ, ಕೇಳ್ಬೇಡಿ. ಯಾಕೆ ಅಂತ ಇನ್ನೂ ಕೇಳ್ತೀರಾ? ಕೇಳ್ಬಾರ್ದು ಅಷ್ಟೇ, ನಾನ್ ಹೇಳ್ತಿದೀನಲ್ಲ.

ಸಬ್‌ಸ್ಕ್ರೈಬ್ ಮಾಡಿ, ಬೈಯೋದಾದ್ರೂ ಸಬ್‌ಸ್ಕ್ರೈಬ್ ಮಾಡ್ಕೊಂಡು ಬೈಯಿರಿ. ಕಾಫಿ ಪುಡಿ ಬೇಕಾದೋರು ಚಿಕೋರಿ ಹಾಕಿದ್ದಾ ಹಾಕ್ದೇ ಇರೋದಾ ಅಂತ ಸರಿಯಾಗಿ ಬರೀರಿ, ಹೋದ್ಸಲ ಎಲ್ಲಾ ಅದಲುಬದಲಾಗಿ ಅವನು ನನ್ ಮೇಲೆ ಕೂಗಾಡಿದಾನೆ.