ಮುಡಿಪಿನ ದುಡ್ಡು ಬೇರೆ, ದಾರಿಯ ದುಡ್ಡು ಬೇರೆ

ನಮಸ್ಕಾರ. ಶಿವರಾತ್ರಿ ಹತ್ತಿರ ಬಂತು ಅಂದ್ರೆ ಚಿಕ್ಕಮಗಳೂರು, ಮೂಡಿಗೆರೆ, ಬೇಲೂರು, ಹಾಸನದ ಕಡೆ ಊರೂರಲ್ಲೂ ಒಂದೇ ಮಾತು: ‘ಈ ಸಲ ಧರ್ಮಸ್ಥಳಕ್ಕೆ ನಡ್ಕೊಂಡೇ ಹೋಗೋಣ.’ ಮಾತಾದ ಮೂರನೇ ದಿನಕ್ಕೆ ರಸೀದಿ ಪುಸ್ತಕ ಅಚ್ಚಾಗಿ ಬಂದಿರುತ್ತೆ. ಫ್ಲೆಕ್ಸ್‌ಗೆ ಯಾರ್ಯಾರ ಫೋಟೋ ಅಂತ ಚರ್ಚೆ ಶುರುವಾಗಿರುತ್ತೆ. ಎಷ್ಟು ಜನ ಹೊರಡ್ತಾರೆ, ಎಷ್ಟು ಖರ್ಚು ಬೀಳುತ್ತೆ ಅಂತ ಕೇಳಿದ್ರೆ ಮಾತ್ರ ಯಾರ ಹತ್ತಿರಾನೂ ಉತ್ತರ ಇರಲ್ಲ.

ನಮ್ಮ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀವಿ. ಪಾದಯಾತ್ರೆ ಹರಕೆ. ಹರಕೆ ಹೊತ್ತವರು ತಮ್ಮ ಪಾಲಿನ ಖರ್ಚನ್ನ ತಾವೇ ಮೊದಲು ಕಟ್ಟಬೇಕು. ಚಂದಾ ಆಮೇಲೆ. ಅದೂ ಆದಷ್ಟು ವಸ್ತು ರೂಪದಲ್ಲೇ ಬರಲಿ. ದೊಡ್ಡ ದಾನಿ ಒಬ್ಬರು ‘ಎಲ್ಲಾ ನಾನೇ ನೋಡ್ಕೋತೀನಿ’ ಅಂದ್ರು ಅಂತ ಹೊರಟ ಗುಂಪಿಗೆ ಹೊರಡೋ ಹಿಂದಿನ ವಾರ ಅವರ ಫೋನ್ ಸಿಗದೇ ಹೋದ್ರೆ ಕೈಯಲ್ಲಿ ಏನೂ ಇರಲ್ಲ. ಪೂರ್ತಿ ಕೊಟ್ಟರೂ ಕಷ್ಟವೇ. ಪುಕ್ಕಟೆ ಅಂದ ತಕ್ಷಣ ಹೆಸರು ಬರೆಸೋರು 70 ಜನ, ಹೊರಡೋ ಬೆಳಿಗ್ಗೆ ಬರೋರು 35. ಅಷ್ಟರಲ್ಲಿ 70 ಜನಕ್ಕೆ ಅಕ್ಕಿ, ತರಕಾರಿ ಖರೀದಿ ಆಗಿಹೋಗಿರುತ್ತೆ. ಮುಂಗಡ 500 ರೂಪಾಯಿ ಕಟ್ಟಿದವರ ಹೆಸರು ಮಾತ್ರ ಪಟ್ಟಿಗೆ ಸೇರಿಸಿ. ಆಗ ಪಟ್ಟಿಯಲ್ಲಿ ಇರೋರೇ ಬೆಳಿಗ್ಗೆ ಎದ್ದು ಬರ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಚಿಕ್ಕಮಗಳೂರಿನಿಂದ ಆಲ್ದೂರು, ಮೂಡಿಗೆರೆ, ಬಣಕಲ್, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ ಇಳಿದು ಉಜಿರೆ ಮೇಲೆ ಧರ್ಮಸ್ಥಳ ಹೆಚ್ಚುಕಮ್ಮಿ 100 ಕಿಲೋಮೀಟರ್. ದಿನಕ್ಕೆ 25 ಅಂತ ಹಿಡಿದರೆ ನಾಲ್ಕು ದಿನ. ಹಾಸನದಿಂದ ಸಕಲೇಶಪುರ, ಶಿರಾಡಿ ಘಾಟಿ, ಗುಂಡ್ಯದ ದಾರಿ ಹಿಡಿಯೋರು ಇನ್ನೊಂದು ದಿನ ಸೇರಿಸಿಕೊಳ್ಳಿ. ‘ರಾತ್ರಿನೂ ನಡೆದು ಮೂರೇ ದಿನಕ್ಕೆ ಮುಗಿಸೋಣ, ಒಂದು ದಿನದ ಖರ್ಚು ಉಳಿಯುತ್ತೆ’ ಅನ್ನೋರು ಪ್ರತಿ ಗುಂಪಿನಲ್ಲೂ ಇರ್ತಾರೆ. ಬೇಡ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಆನೆ ಓಡಾಡೋ ಸೀಮೆ. ಕತ್ತಲಲ್ಲಿ ತೋಟದ ಬೇಲಿ ಪಕ್ಕ ನಿಂತ ಆನೆ ಹತ್ತು ಹೆಜ್ಜೆ ದೂರದಲ್ಲಿದ್ದರೂ ಕಾಣಲ್ಲ. ಬೆಳಕು ಹರಿದ ಮೇಲೆ ಹೊರಟು ಹತ್ತೂವರೆಗೆ ನಿಲ್ಲಿಸಿ, ನಾಲ್ಕು ಗಂಟೆಗೆ ಮತ್ತೆ ಹೊರಟು ಕತ್ತಲಾಗೋದರೊಳಗೆ ಸೇರೋ ಲೆಕ್ಕದಲ್ಲೇ ದಿನ ಎಣಿಸಿ.

ಒಂದು ಮಾದರಿ ಹಾಕೋಣ. ದರಗಳು ಬರೀ ಲೆಕ್ಕಕ್ಕೆ, ನಿಮ್ಮೂರಿನದು ನೀವು ಹಾಕ್ಕೊಳ್ಳಿ. ನಡೆಯೋರು 40 ಜನ. ಅಡುಗೆಯವರು ಇಬ್ಬರು, ಡ್ರೈವರ್ ಒಬ್ಬ, ಸಾಮಾನು ಇಳಿಸಿ ಹತ್ತಿಸೋಕೆ ಇಬ್ಬರು. ಊಟ ಮಾಡೋ ಬಾಯಿ 45. ಮೊದಲ ತಪ್ಪು ಆಗೋದೇ ಇಲ್ಲಿ, ಆ ಐದು ಜನರನ್ನ ಬಿಟ್ಟು ಎಣಿಸ್ತಾರೆ. ತಿಂಡಿ, ಎರಡು ಊಟ, ಎರಡು ಸಲ ಕಾಫಿ ಸೇರಿ ಒಬ್ಬರಿಗೆ ದಿನಕ್ಕೆ 180 ರೂಪಾಯಿ ಅಂದ್ರೆ ನಾಲ್ಕು ದಿನಕ್ಕೆ 32,400. ಲಗೇಜು ಗಾಡಿ ದಿನಕ್ಕೆ 3,500ರಂತೆ 14,000. ಅಡುಗೆಯವರಿಬ್ಬರಿಗೆ 12,000. ಗ್ಯಾಸ್ 4,000. ಕುಡಿಯೋ ನೀರಿನ ಕ್ಯಾನ್ 48, ತಲಾ 40ರಂತೆ 1,920. ಔಷಧಿ 3,000. ಮೂರು ರಾತ್ರಿ ತಂಗೋ ಶಾಲೆ, ಸಮುದಾಯ ಭವನಕ್ಕೆ ಕ್ಲೀನಿಂಗ್, ಕರೆಂಟು ಅಂತ 3,000. ಗಾಡಿ ಬೆಳಕಿಗೆ ಹೊಳೆಯೋ ಪಟ್ಟಿಯ ಜಾಕೆಟ್ 40ಕ್ಕೆ 3,200. ವಾಪಸ್ ಬರೋ ಬಸ್ಸಿಗೆ 4,800. ಒಟ್ಟು 78,320. ಅದರ ಮೇಲೆ ಶೇಕಡ 10 ಆಪತ್ತಿಗೆ ಇಟ್ಟರೆ 86,152. ನಲವತ್ತು ಜನಕ್ಕೆ ಹಂಚಿದರೆ ತಲೆಗೆ 2,154.

ಸಾಮಾನ್ಯವಾಗಿ ಏನು ಮಾಡ್ತಾರೆ? ‘ತಲೆಗೆ 1,500 ಸಾಕು’ ಅಂತ ಬಾಯಿಗೆ ಬಂದ ಅಂಕಿ ಹೇಳಿಬಿಡ್ತಾರೆ. 60,000 ಸೇರುತ್ತೆ, 26,000 ಖೋತಾ. ಆ ಖೋತಾ ತುಂಬೋಕೆ ಕೊನೆ ವಾರ ಅಂಗಡಿ ಅಂಗಡಿಗೆ ಚಂದಾ ಎತ್ತಬೇಕು. ಇಲ್ಲಾಂದ್ರೆ ಕೊಟ್ಟಿಗೆಹಾರದಲ್ಲಿ ನಿಂತು ಮುಡಿಪಿಗೆ ಕೈ ಹಾಕಬೇಕು.

ಮುಡಿಪಿನ ಮಾತು ಬಂತಲ್ಲ, ಇದು ಮುಖ್ಯ. ಅರಿಶಿನದಲ್ಲಿ ಅದ್ದಿದ ಬಟ್ಟೆ ತುಂಡು, ಅದರಲ್ಲಿ ಒಂದು ರೂಪಾಯಿ ನಾಣ್ಯ, ಜೊತೆಗೆ ಮನೆಯವರು ಒಬ್ಬೊಬ್ಬರೂ ಇಟ್ಟ ಹತ್ತು, ಐವತ್ತು, ಮಡಚಿ ಮಡಚಿ ಸಣ್ಣದಾದ ನೋಟು, ಮೇಲೆ ಬಿಗಿದ ಗಂಟು. ಬರಲಾಗದ ಅಜ್ಜಿ ಒಬ್ಬರು ‘ನನ್ನದೂ ಹುಂಡಿಗೆ ಹಾಕಪ್ಪಾ’ ಅಂತ ಕೊಟ್ಟ ಗಂಟೂ ಅದರಲ್ಲಿರುತ್ತೆ. ಆ ದುಡ್ಡು ಗುಂಪಿನ ಖಜಾಂಚಿ ಕೈಗೆ ಹೋಗಲೇಬಾರದು. ಯಾರ ಮುಡಿಪು ಅವರ ಹತ್ತಿರ. ಬರಲಾಗದವರ ಮುಡಿಪು ತಂದವರು ಗಂಟು ಬಿಚ್ಚದೇ ಹಾಗೇ ಹುಂಡಿಗೆ ಹಾಕಲಿ. ‘ಸದ್ಯಕ್ಕೆ ಡೀಸೆಲ್‌ಗೆ ಹಾಕೋಣ, ಅಲ್ಲಿ ಹೋಗಿ ಹಾಕಿದರಾಯ್ತು’ ಅನ್ನೋ ಮಾತು ಒಂದು ಸಲ ಶುರುವಾದರೆ ಲೆಕ್ಕ ಎಲ್ಲೂ ನಿಲ್ಲಲ್ಲ. ಕಾಸು ಬಿಡ ತಿಮ್ಮಪ್ಪ, ಮಾತು ಬಿಡ ಮಂಜುನಾಥ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ಮಂಜುನಾಥನ ಹೆಸರು ಹೇಳಿ ದುಡ್ಡು ತಗೊಂಡ ಮೇಲೆ ಯಾವುದಕ್ಕೆ ಅಂತ ತಗೊಂಡ್ರೋ ಅದಕ್ಕೇ ಹೋಗಬೇಕು.

2,200 ರೂಪಾಯಿ ಒಟ್ಟಿಗೆ ಕೊಡೋದು ತೋಟದ ಕೆಲಸಕ್ಕೆ ಹೋಗೋ ಮನೆಗೆ ಸಣ್ಣ ಮಾತಲ್ಲ. ಅದಕ್ಕೆ ಕಂತು ಮಾಡಿ. ಗಣೇಶನ ಹಬ್ಬದಿಂದ ಶಿವರಾತ್ರಿಗೆ ಸುಮಾರು 24 ವಾರ ಸಿಗುತ್ತೆ. ವಾರಕ್ಕೆ 100ರಂತೆ 22 ವಾರ ಕಟ್ಟಿದರೆ ಮುಗೀತು. ಬಟವಾಡೆ ಆದ ದಿನ, ಸಂತೆಗೆ ಹೋಗೋ ಮುಂಚೆ ವಸೂಲಿ ಮಾಡಿ. ಸಂತೆಯಿಂದ ಬಂದ ಮೇಲೆ ಕೇಳಿದರೆ ದುಡ್ಡು ಇರಲ್ಲ, ಕೇಳಿಸಿಕೊಂಡವರಿಗೂ ಬೇಜಾರು. ಪಾದಯಾತ್ರೆಗೆ ಅಂತ ಸಂಘದಲ್ಲಿ ಸಾಲ ಎತ್ತೋದನ್ನ ಮಾತ್ರ ಯಾರೂ ಮಾಡಬೇಡಿ. ಹರಕೆ ಒಂದು ವರ್ಷ ಮುಂದಕ್ಕೆ ಹೋದರೂ ಪರವಾಗಿಲ್ಲ.

ದುಡ್ಡು ಒಬ್ಬರ ಫೋನ್‌ಪೇಗೆ ಬರೋದು ಬೇಡ. ಅವರ ಸಂಬಳ, ಅವರ ಸಾಲದ ಕಂತು, ಗುಂಪಿನ ದುಡ್ಡು ಎಲ್ಲಾ ಒಂದೇ ಖಾತೆಯಲ್ಲಿ ಕಲಸಿಹೋಗುತ್ತೆ. ಕಂತು ಕಡಿತದ ದಿನ ಬ್ಯಾಂಕು ಯಾರ ದುಡ್ಡು ಅಂತ ಕೇಳಲ್ಲ. ಇಬ್ಬರು ಸಹಿ ಮಾಡಿದರೆ ಮಾತ್ರ ದುಡ್ಡು ತೆಗೆಯೋ ಹಾಗೆ ಜಂಟಿ ಉಳಿತಾಯ ಖಾತೆ ತೆರೆಯಿರಿ. ನಗದಿಗೆ ನಂಬರ್ ಹಾಕಿದ ರಸೀದಿ, ಕಾರ್ಬನ್ ಪ್ರತಿ ಪುಸ್ತಕದಲ್ಲೇ ಇರಲಿ. ‘ಟ್ಯಾಕ್ಸ್ ಉಳಿಯುತ್ತೆ ಸಾರ್’ ಅಂತ ಯಾರಿಗೂ ಹೇಳಬೇಡಿ. ದಾನದ ವಿನಾಯಿತಿಗೆ ಆದಾಯ ತೆರಿಗೆ ಇಲಾಖೆಯ ಅನುಮೋದನೆ ಇರೋ ಸಂಸ್ಥೆಗೆ ಕೊಟ್ಟರೆ ಮಾತ್ರ ಅದು ಸಿಗೋದು. ಊರ ಗುಂಪಿಗೆ ಅದು ಇರಲ್ಲ.

ದಾನಿಗಳು ಬಂದರೆ ಪಟ್ಟಿ ಕೈಗೆ ಕೊಡಿ. ಅಕ್ಕಿ ಒಬ್ಬರಿಗೆ ದಿನಕ್ಕೆ 300 ಗ್ರಾಂ. 45 ಜನಕ್ಕೆ ಹದಿಮೂರೂವರೆ ಕೆಜಿ, ನಾಲ್ಕು ದಿನಕ್ಕೆ 54. ತೊಗರಿಬೇಳೆ 60 ಗ್ರಾಂನಂತೆ 11 ಕೆಜಿ. ಕಾಫಿ ಪುಡಿ, ಬೆಲ್ಲ, ತೆಂಗಿನಕಾಯಿ ನಮ್ಮ ಸೀಮೆಯಲ್ಲಿ ಕೇಳಿದರೆ ಇಲ್ಲ ಅನ್ನೋರು ಕಡಿಮೆ. ಎರಡು ಮೂಟೆ ಅಕ್ಕಿ ಕೊಟ್ಟವರಿಗೆ ತಮ್ಮ ಅಕ್ಕಿ ಯಾವ ಊಟ ಆಯ್ತು ಅಂತ ಗೊತ್ತಾಗುತ್ತೆ, ನಿಮಗೂ ಲೆಕ್ಕ ಹಗುರ. ದಾನವಾಗಿ ಬಂದ ಅಕ್ಕಿಯ ಬೆಲೆಯನ್ನೂ ಪುಸ್ತಕದಲ್ಲಿ ಬರೆಯಿರಿ. ಇಲ್ಲದಿದ್ದರೆ ಮುಂದಿನ ವರ್ಷ ಅದೇ ಪುಸ್ತಕ ನೋಡಿ ‘ಅಕ್ಕಿಗೆ ಖರ್ಚೇ ಇಲ್ಲ’ ಅಂದುಕೊಂಡು ಮೋಸ ಹೋಗ್ತೀರಿ.

ದಾರಿಯಲ್ಲಿ ಮಜ್ಜಿಗೆ, ಪಾನಕ, ಕಲ್ಲಂಗಡಿ, ಕೆಲವು ಕಡೆ ಊಟವನ್ನೇ ಹಾಕೋ ಪುಣ್ಯಾತ್ಮರು ಇರ್ತಾರೆ. ಆದರೆ ಅವರು ಪೆಂಡಾಲ್ ಹಾಕೋದು ಜನ ಹೆಚ್ಚು ನಡೆಯೋ ಎರಡು ಮೂರು ದಿನ. ನೀವು ಒಂದು ದಿನ ಮುಂಚೆ ಹೋದರೆ ಅಲ್ಲಿ ಖಾಲಿ ಮೈದಾನ. ಅದನ್ನ ನಂಬಿ ಊಟದ ದುಡ್ಡು ಕಡಿಮೆ ಮಾಡಬೇಡಿ, ಸಿಕ್ಕಿದರೆ ಉಳಿತಾಯ ಅಂತ ಬರೆಯಿರಿ.

ಗ್ಯಾಸ್ ವಿಷಯ. ಮನೆಯ 14.2 ಕೆಜಿ ಸಿಲಿಂಡರ್ ಗಾಡಿಗೆ ಏರಿಸೋ ಅಭ್ಯಾಸ ಬಿಡಿ, ಅದು ಮನೆ ಬಳಕೆಗೆ ಮಾತ್ರ. 19 ಕೆಜಿಯದು ತಗೊಳ್ಳಿ. ಲೆಕ್ಕದಲ್ಲಿ ಒಂದೇ ಸಾಕು ಅನ್ನಿಸುತ್ತೆ. ಆದರೆ ಬಯಲಲ್ಲಿ ಗಾಳಿಗೆ ಉರಿ ಪಕ್ಕಕ್ಕೆ ಹೋಗಿ ಪಾತ್ರೆಗೆ ಅರ್ಧವೇ ತಾಕುತ್ತೆ. ಎರಡು ಇಟ್ಟುಕೊಳ್ಳಿ, ಒಲೆ ಸುತ್ತ ತಗಡು ನಿಲ್ಲಿಸಿ. ಬೆಳಿಗ್ಗೆ ಮಾಡಿ ಮಧ್ಯಾಹ್ನಕ್ಕೆ ಒಯ್ಯೋ ಸಾಂಬಾರಿಗೆ ತೆಂಗಿನಕಾಯಿ ರುಬ್ಬಿ ಹಾಕಬೇಡಿ, ಬಿಸಿಲಿಗೆ ಹಳಸಿ 45 ಜನರ ಊಟ ಚೆಲ್ಲಬೇಕಾಗುತ್ತೆ. ಪುಳಿಯೋಗರೆ ಗೊಜ್ಜು ಊರಿನಿಂದಲೇ ಕುದಿಸಿ ತಂದರೆ ಗ್ಯಾಸೂ ಉಳಿಯಿತು, ಭಯವೂ ಇಲ್ಲ.

ಗಾಡಿಯವರ ಹತ್ತಿರ ಮಾತಾಡುವಾಗ ಡೀಸೆಲ್ ಯಾರದು, ಡ್ರೈವರ್ ಬಾಟಾ ಸೇರಿದೆಯೇ, ಖಾಲಿ ವಾಪಸ್ ಬರೋದಕ್ಕೆ ಬಾಡಿಗೆ ಇದೆಯೇ, ಮೂರೂ ಬರೆಸಿಕೊಳ್ಳಿ. ಕಾಲು ಬೊಬ್ಬೆ ಬಂದವರನ್ನ ಆ ಲಗೇಜು ಗಾಡಿಯ ಹಿಂದೆ ಕೂರಿಸಬೇಡಿ. ಸರಕಿನ ಗಾಡಿಯಲ್ಲಿ ಜನ ಕೂತು ಅಪಘಾತ ಆದರೆ ವಿಮೆ ಹಣ ಸಿಗೋದು ಕಷ್ಟ. ಆಪತ್ತಿನ ಶೇಕಡ 10 ಇರೋದೇ ಅದಕ್ಕೆ, ಆಟೋ ಮಾಡಿ ಕಳಿಸಿ. ಹೊರಡೋ ಮುಂಚೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಎಲ್ಲರಿಗೂ ಇದೆಯಾ ಅಂತ ಬ್ಯಾಂಕಿನಲ್ಲಿ ನೋಡಿಸಿ. 18ರಿಂದ 70 ವಯಸ್ಸಿನವರಿಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಮನೆಗೆ 2 ಲಕ್ಷ. ಹೆದ್ದಾರಿ ಪಕ್ಕ ನಡೆಯೋ ಯಾತ್ರೆಗೆ ಇದಕ್ಕಿಂತ ಅಗ್ಗದ ಸಾಲು ಬಜೆಟ್‌ನಲ್ಲಿ ಇನ್ನೊಂದಿಲ್ಲ.

ಔಷಧಿಗೆ 3,000 ಜಾಸ್ತಿ ಆಯ್ತು ಅನ್ನಬೇಡಿ. ಘಾಟಿ ಇಳಿಯುವಾಗ ಬೆರಳು ಶೂ ತುದಿಗೆ ಒತ್ತಿ ಉಗುರು ಕಪ್ಪಾಗುತ್ತೆ, ಹಿಮ್ಮಡಿ ಉಜ್ಜಿ ಬೊಬ್ಬೆ ಏಳುತ್ತೆ. ಹೊಸ ಶೂ ಹಾಕಿ ಬಂದವರದ್ದಂತೂ ಎರಡನೇ ದಿನಕ್ಕೇ ಮುಗೀತು. ಅಂಟುವ ಪಟ್ಟಿ, ಹತ್ತಿ, ಓಆರ್‌ಎಸ್ ಜಾಸ್ತಿ ಇರಲಿ. ಓಆರ್‌ಎಸ್ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಅದನ್ನ ಒಂದೇ ಲೋಟಕ್ಕೆ ಸುರಿದು ಕುಡಿಸಿದರೆ ವಾಂತಿ ಬರುತ್ತೆ.

ಚಾರ್ಮಾಡಿಯಲ್ಲಿ ಫೋನ್ ಸಿಗ್ನಲ್ ನಂಬೋ ಹಾಗಿಲ್ಲ, ಸ್ಕ್ಯಾನ್ ಮಾಡಿ ಕೊಡ್ತೀನಿ ಅಂದ್ರೆ ಆಗಲ್ಲ. ಕೊಟ್ಟಿಗೆಹಾರ ಬಿಡೋ ಮುಂಚೆ ನೀರಿನ ಕ್ಯಾನ್ ತುಂಬಿಸಿ. 10,000 ರೂಪಾಯಿ 50, 100ರ ನೋಟಿನಲ್ಲಿ ಇಬ್ಬರ ಹತ್ತಿರ ಅರ್ಧರ್ಧ ಇರಲಿ.

ವಾಪಸ್ ಬರೋ 4,800 ಅಂದೆವಲ್ಲ, ಅದು 24 ಗಂಡಸರಿಗೆ ತಲಾ 200. ಉಳಿದ 16 ಹೆಂಗಸರಿಗೆ 2023ರ ಜೂನ್ 11ರಿಂದ ಜಾರಿಯಲ್ಲಿರೋ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ. ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ಎಲ್ಲರ ಚೀಲದಲ್ಲೂ ಇರಲಿ. ಖಾಸಗಿ ಬಸ್ ಮಾಡಿದರೆ 40 ಜನಕ್ಕೂ ದುಡ್ಡು ಎಣಿಸಬೇಕು. ಈ ವಾಪಸ್ ದುಡ್ಡನ್ನ ಬೇರೆ ಕವರಿನಲ್ಲಿ ಹಾಕಿ ಅಂಟಿಸಿ, ನೇತ್ರಾವತಿ ಸ್ನಾನ, ದರ್ಶನ, ಅನ್ನಪೂರ್ಣ ಭೋಜನಶಾಲೆಯ ಊಟ ಮುಗಿಯೋವರೆಗೂ ಒಡೆಯಬೇಡಿ.

ಪ್ರತಿ ರಾತ್ರಿ ಊಟ ಆದ ಮೇಲೆ ಚಾಪೆ ಹಾಸೋ ಮುಂಚೆ ಹತ್ತು ನಿಮಿಷ ಪುಸ್ತಕ ಓದಿ. ಇವತ್ತು ಬಂದಿದ್ದು, ಹೋಗಿದ್ದು, ಕೈಯಲ್ಲಿ ಉಳಿದದ್ದು. ನಲವತ್ತು ಜನರ ಮುಂದೆ ಗಟ್ಟಿಯಾಗಿ. ‘ಟೊಮೆಟೊ 600 ಯಾಕಾಯ್ತು’ ಅಂತ ಯಾರಾದರೂ ಕೇಳಲಿ, ಖಜಾಂಚಿ ಬೇಜಾರು ಮಾಡ್ಕೋಬಾರದು. ಅಲ್ಲೇ ಕೇಳಿದ್ದು ಅಲ್ಲೇ ಮುಗಿಯುತ್ತೆ, ಊರಿಗೆ ಬಂದ ಮೇಲೆ ಕಟ್ಟೆ ಮೇಲೆ ಬೆಳೆಯಲ್ಲ.

ಉಳಿದ ದುಡ್ಡು ಏನಾಗಬೇಕು ಅಂತ ಹೊರಡೋ ಮುಂಚೆಯೇ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ: ಒಂದೋ ಕ್ಷೇತ್ರದಲ್ಲಿ ಅನ್ನದಾನಕ್ಕೆ ಕಟ್ಟಿ ರಸೀದಿ ಅಂಟಿಸೋದು, ಇಲ್ಲಾ ಸಮನಾಗಿ ಹಂಚೋದು. ಬಂದ ಎಂಟು ದಿನದೊಳಗೆ ಖಾಲಿ ಸಿಲಿಂಡರ್, ಬಾಡಿಗೆ ಪಾತ್ರೆ ವಾಪಸ್ ಕೊಟ್ಟು ಡಿಪಾಸಿಟ್ ಈಸಿಕೊಳ್ಳಿ. ಅದನ್ನ ಜಮಾ ಬರೆದು, ಊರ ದೇವಸ್ಥಾನದಲ್ಲಿ ಎಲ್ಲರನ್ನೂ ಕೂರಿಸಿ ಕೊನೆಯ ಪುಟ ಓದಿ, ಜಂಟಿ ಖಾತೆಯ ಇಬ್ಬರೂ ಸಹಿ ಹಾಕಿ.