ಗಾಡಿ ನೋಡಿ ಊರು ಆರಿಸಿ

ಕೇಳುಗರಿಗೆ ನಮಸ್ಕಾರ.

ರಜೆ ಬಂತು ಅಂದರೆ ಮನೆಯಲ್ಲಿ ಒಂದೇ ಚರ್ಚೆ. ಮಕ್ಕಳು ಊಟಿ ಅಂತಾರೆ, ಅಪ್ಪ ಗೋವಾ ಅಂತಾರೆ, ಅಜ್ಜಿ ತಿರುಪತಿ ಬಿಟ್ಟು ಬೇರೆ ಮಾತೇ ಆಡಲ್ಲ. ಊರು ತೀರ್ಮಾನ ಆದ ಮೇಲೆ ಟಿಕೆಟ್ ಹುಡುಕಲು ಕೂರುತ್ತೀರಿ. ಅಷ್ಟರಲ್ಲಿ ವೈಟಿಂಗ್ ಲಿಸ್ಟ್ ಆಕಾಶ ಮುಟ್ಟಿರುತ್ತದೆ. ಕೊನೆಗೆ ಟ್ಯಾಕ್ಸಿ ಮಾಡುತ್ತೀರಿ. ವಾಪಸ್ ಬಂದು, 'ಪ್ರವಾಸ ಅಂದ್ರೆ ದುಡ್ಡಿದ್ದವರಿಗೆ ಬಿಡಿ' ಅಂತ ರಾಗ ಎಳೆಯುತ್ತೀರಿ.

ನಾನು ರೈಲ್ವೆ ಟಿಕೆಟ್ ಕೌಂಟರಿನ ಒಳಗೆ ಕೂತು ನೌಕರಿ ಮುಗಿಸಿದವನು. ಈ ರಾಗ ಸಾಕಷ್ಟು ಕೇಳಿದ್ದೇನೆ. ಅದಕ್ಕೇ ಇವತ್ತು ಒಂದೇ ಮಾತು ಹೇಳಲು ಬಂದಿದ್ದೇನೆ. ಗಾಡಿ ನೋಡಿ ಊರು ಆರಿಸಿ. ಊರು ಆರಿಸಿ ಗಾಡಿ ಹುಡುಕಬೇಡಿ. ನಿಮ್ಮ ಊರಿಂದ ಯಾವ ಗಾಡಿ ಯಾವ ಕಡೆ ಹೋಗುತ್ತದೆ, ಯಾವುದರಲ್ಲಿ ಸೀಟು ಸಿಗುತ್ತದೆ, ಅದನ್ನು ಮೊದಲು ನೋಡಿ. ನೋಡುವಂಥ ಜಾಗ ಆ ದಾರಿಯಲ್ಲೇ ಇರುತ್ತದೆ.

ಬೆಂಗಳೂರು ಸುತ್ತುವವರಿಗೂ ಇದೇ ಮಾತು. ಊರಿಂದ ಬಂದ ನೆಂಟರನ್ನು ಆಟೋದಲ್ಲಿ ತುಂಬಿಕೊಂಡು ಬೆಳಗ್ಗೆ ಬನ್ನೇರುಘಟ್ಟ, ಮಧ್ಯಾಹ್ನ ಅರಮನೆ, ಸಂಜೆ ಮಾಲ್ ಅಂತ ಓಡಾಡಿಸುತ್ತೀರಲ್ಲ, ಆ ದಿನ ಅವರು ನೋಡುವುದು ಸಿಗ್ನಲ್ ದೀಪ ಮಾತ್ರ. ಮೆಟ್ರೋ ನಕ್ಷೆ ಮುಂದೆ ಇಟ್ಟುಕೊಳ್ಳಿ. ಹಸಿರು ಮಾರ್ಗಕ್ಕೆ ಒಂದು ದಿನ, ನೇರಳೆ ಮಾರ್ಗಕ್ಕೆ ಒಂದು ದಿನ. ಮುಗೀತು.

ಹಸಿರು ಮಾರ್ಗದಲ್ಲಿ ಬೆಳಗ್ಗೆ ಬೇಗ ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿಯಿರಿ. ಗಾಜಿನ ಮನೆ ಎಲ್ಲರೂ ನೋಡುತ್ತಾರೆ. ನಾನು ಹೇಳುವುದು ಆ ಬಂಡೆಯ ವಿಷಯ. ಮೇಲೆ ಕೆಂಪೇಗೌಡರ ಗೋಪುರ ಇದೆಯಲ್ಲ, ಅದೇ ಬಂಡೆ. ಅದಕ್ಕೆ ಸುಮಾರು 300 ಕೋಟಿ ವರ್ಷ ವಯಸ್ಸು. ಅಲ್ಲಿ ಫಲಕ ಹಾಕಿದ್ದಾರೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ. ಜನ ಆ ಫಲಕಕ್ಕೆ ಒರಗಿಕೊಂಡು ಚಿಪ್ಸ್ ತಿಂತಾರೆ, ಓದಲ್ಲ! ಕೈಯಿಂದ ಒಮ್ಮೆ ಮುಟ್ಟಿ ನೋಡಿ. ಬಿಳಿ ಪಟ್ಟೆ, ಕಪ್ಪು ಪಟ್ಟೆ ಒಂದರ ಪಕ್ಕ ಒಂದು ಓಡಿರುವುದು ಕಾಣುತ್ತದೆ. ಆಮೇಲೆ ಕೆ.ಆರ್. ಮಾರುಕಟ್ಟೆ ನಿಲ್ದಾಣ. ಹೂವಿನ ರಾಶಿ ನೋಡಿಕೊಂಡು, ಕಲ್ಲಿನ ಕೋಟೆ, ಕೋಟೆ ವೆಂಕಟರಮಣ ದೇವಸ್ಥಾನ, 1791ರಲ್ಲಿ ಕಟ್ಟಿ ಮುಗಿಸಿದ ಟಿಪ್ಪುವಿನ ಮರದ ಅರಮನೆ, ಮೂರೂ ನಡೆದೇ ನೋಡಬಹುದು. ಅರಮನೆಗೆ ಟಿಕೆಟ್ ಇದೆ, 15 ವರ್ಷದ ಒಳಗಿನ ಮಕ್ಕಳಿಗೆ ಅದೂ ಇಲ್ಲ.

ನೇರಳೆ ಮಾರ್ಗದಲ್ಲಿ ಕಬ್ಬನ್ ಪಾರ್ಕ್ ನಿಲ್ದಾಣ. ಪಾರ್ಕು, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಎರಡೂ ನಡೆಯುವಷ್ಟು ದೂರ. ಅಲ್ಲೇ ಸರ್ಕಾರಿ ವಸ್ತುಸಂಗ್ರಹಾಲಯವೂ ಇದೆ. ಬಾಗಿಲು ತೆರೆದಿದೆಯಾ ಅಂತ ವಿಚಾರಿಸಿಕೊಂಡು ಹೋಗಿ, ಆತಕೂರು ಶಾಸನ ಎಲ್ಲಿದೆ ಅಂತ ಕೇಳಿ. ಕಾಳಿ ಅನ್ನುವ ನಾಯಿ ಕಾಡುಹಂದಿಯ ಜೊತೆ ಕಾದಾಡಿ ಸತ್ತಿತು. ಅದರ ನೆನಪಿಗೆ ಹತ್ತನೇ ಶತಮಾನದಲ್ಲಿ ನಿಲ್ಲಿಸಿದ ಕಲ್ಲು ಅದು. ನಾಯಿ, ಹಂದಿ ಎರಡನ್ನೂ ಕೆತ್ತಿದ್ದಾರೆ. ಮಕ್ಕಳಿಗೆ ಇದಕ್ಕಿಂತ ಬೇರೆ ಇತಿಹಾಸ ಪಾಠ ಬೇಕಾ?

ಇನ್ನು ರಾಜ್ಯದ ಗಡಿ ದಾಟೋಣ.

ನಮ್ಮ ಬೀದಿಯ ಹೆಂಗಸರು ಒಂದು ಸಲ ಲೇಪಾಕ್ಷಿಗೆ ಹೊರಟರು. ವ್ಯಾನ್ ಮಾಡೋಣ ಅಂತ ಕೇಳಿದ್ದಾರೆ, ಬಾಡಿಗೆ ಕೇಳಿ ಎಲ್ಲರೂ ಸುಮ್ಮನಾಗಿದ್ದಾರೆ. ಆಗ ನನ್ನ ಹತ್ತಿರ ಬಂದರು. ನಾನು ಕೇಳಿದೆ, 'ಹಿಂದೂಪುರದ ಗಾಡಿ ಇದೆಯಲ್ಲ, ಅದೇನು ಪಾಪ ಮಾಡಿದೆ?' ಯಲಹಂಕ, ದೊಡ್ಡಬಳ್ಳಾಪುರ, ಗೌರಿಬಿದನೂರು, ಆಮೇಲೆ ಹಿಂದೂಪುರ. ಅಲ್ಲಿಂದ ಲೇಪಾಕ್ಷಿ 15 ಕಿಲೋಮೀಟರ್, ಆಂಧ್ರದ ಬಸ್ಸು ಸಿಗುತ್ತದೆ. ರಿಸರ್ವೇಶನ್ ಬೇಡ, ಜನರಲ್ ಟಿಕೆಟ್ ಸಾಕು. ಅವರಿಗೆ ನಂಬಿಕೆ ಬರಲಿಲ್ಲ. 'ಪ್ಯಾಸೆಂಜರ್ ಗಾಡೀಲಿ ಟೂರಾ?' ಅಂದರು. ನೀವೂ ಬನ್ನಿ ಹಾಗಾದರೆ ಅಂತ ನನ್ನನ್ನೇ ಎಳೆದುಕೊಂಡು ಹೋದರು.

ದೊಡ್ಡಬಳ್ಳಾಪುರ ದಾಟುವ ಹೊತ್ತಿಗೆ ಚಿತ್ರಾನ್ನದ ಡಬ್ಬಿ ತೆರೆದಾಗಿತ್ತು. ಮಾಕಳಿದುರ್ಗದ ಹತ್ತಿರ ಹಳಿ ಬೆಟ್ಟದ ಪಕ್ಕದಲ್ಲೇ ಬಳಸಿಕೊಂಡು ಹೋಗುತ್ತದೆ. ಎಲ್ಲರೂ ಕಿಟಕಿಗೆ ಬಂದರು. ಅದನ್ನು ನೋಡಲು ಜನ ಕಾರು ಮಾಡಿಕೊಂಡು ಬರ್ತಾರೆ, ನಮಗೆ ಟಿಕೆಟಿನ ಜೊತೆ ಪುಕ್ಕಟೆ.

ಲೇಪಾಕ್ಷಿಯಲ್ಲಿ ಮೊದಲು ನಂದಿ. ಒಂದೇ ಕಲ್ಲು, ಸುಮಾರು 27 ಅಡಿ ಉದ್ದ. ಕೊರಳಿಗೆ ಗಂಟೆ ಸರ, ಒಂದೊಂದು ಗಂಟೆಯೂ ಬೇರೆ ಬೇರೆ ಕಾಣುವ ಹಾಗೆ ಕೆತ್ತಿದ್ದಾರೆ. ಅಲ್ಲಿಂದ ನಡೆದು ವೀರಭದ್ರ ದೇವಸ್ಥಾನ. ಹದಿನಾರನೇ ಶತಮಾನದ್ದು, ವಿಜಯನಗರದ ಅಚ್ಯುತದೇವರಾಯನ ಕಾಲ, ಕಟ್ಟಿಸಿದವರು ವಿರೂಪಣ್ಣ, ವೀರಣ್ಣ ಅನ್ನುವ ಅಣ್ಣತಮ್ಮಂದಿರು. ಎಲ್ಲರೂ ಹೋಗುವ ಹಾಗೆ ನಾವೂ ನೇತಾಡುವ ಕಂಬದ ಹತ್ತಿರ ಹೋದೆವು. ಅದರ ಬುಡ ನೆಲಕ್ಕೆ ಪೂರ್ತಿ ಕೂತಿಲ್ಲ. ಟವಲ್ ಒಂದು ಕಡೆಯಿಂದ ತೂರಿಸಿ ಇನ್ನೊಂದು ಕಡೆ ಎಳೆಯೋದು. ಆಯ್ತು, ಫೋಟೋ ಆಯ್ತು, ಜನ ಊಟಕ್ಕೆ ಹೊರಟರು.

ಒಬ್ಬರು ಮಾತ್ರ ಬರಲಿಲ್ಲ. ವಯಸ್ಸಾದವರು, ಹಿಂದೆ ಮನೆಯಲ್ಲೇ ಮಗ್ಗ ಇಟ್ಟುಕೊಂಡು ರೇಷ್ಮೆ ಸೀರೆ ನೇಯುತ್ತಿದ್ದವರು. ಹೊರಗಿನ ಲತಾ ಮಂಟಪದಲ್ಲಿ ನಿಂತುಬಿಟ್ಟಿದ್ದರು. ಅಲ್ಲಿ ಕಂಬಗಳ ತುಂಬ ಬಳ್ಳಿ, ಹೂವು, ಹಂಸದ ನಮೂನೆ. ಒಂದು ಇನ್ನೊಂದರ ಹಾಗಿಲ್ಲ. ಅವರು ಮೊಮ್ಮಗನ ನೋಟ್‌ಬುಕ್ ಕಿತ್ತುಕೊಂಡು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. 'ಇದು ನಮ್ಮ ಸೀರೆ ಅಂಚು. ಈ ಎಲೆ ಎರಡು ಸಾರಿ ಬಂದು ಆಮೇಲೆ ತಿರುಗುತ್ತೆ ನೋಡಿ. ಇದನ್ನ ನಾನು ನೇಯ್ದಿದ್ದೀನಿ.' ಬೆರಳಿಟ್ಟು ತೋರಿಸಿದರು. ಆಮೇಲೆ ಒಳಗೆ ಕರೆದುಕೊಂಡು ಹೋಗಿ ಛಾವಣಿಯ ಚಿತ್ರ ತೋರಿಸಿದೆ. ಶಿವ, ಅರ್ಜುನ, ನಡುವೆ ಹಂದಿ, ಪಾರ್ವತಿಯ ಮದುವೆ. ಅವರು ಶಿವನನ್ನೂ ನೋಡಲಿಲ್ಲ, ಅರ್ಜುನನನ್ನೂ ನೋಡಲಿಲ್ಲ. ಚಿತ್ರದಲ್ಲಿ ನಿಂತಿದ್ದ ಹೆಂಗಸರ ಸೀರೆ ಎಣಿಸುತ್ತಾ ನಡೆದರು. ಚೌಕಳಿ ಎಷ್ಟು, ಪಟ್ಟೆ ಎಷ್ಟು, ಕೆಂಪಂಚು ಯಾವುದಕ್ಕೆ. ಕತ್ತು ನೋವು ಬಂತು ಅಂತ ನೆಲದ ಮೇಲೆ ಅಂಗಾತ ಮಲಗಿಬಿಟ್ಟರು! ಕಾವಲುಗಾರ ಬಂದ, ಏನೋ ತೆಲುಗಿನಲ್ಲಿ ಅಂದ. ಇವರು ಕನ್ನಡದಲ್ಲೇ ಅವನಿಗೆ ಸೀರೆ ಪಾಠ ಶುರು ಮಾಡಿದರು. ಅವನೂ ಟಾರ್ಚ್ ಬಿಟ್ಟು ತೋರಿಸಲು ನಿಂತ.

ಅಷ್ಟರಲ್ಲಿ ಮೊಮ್ಮಗ ಓಡಿ ಬಂದ. ಕಲ್ಲಿನ ಮೇಲೆ ಕನ್ನಡ ಇದೆ ಅಂದ. ಇದೆ, ಲೇಪಾಕ್ಷಿಯ ಶಾಸನಗಳು ಹೆಚ್ಚಿನವು ಕನ್ನಡದಲ್ಲೇ ಇವೆ. ಅಕ್ಷರ ಕೂಡಿಸಿ ಕೂಡಿಸಿ ಓದಲು ಅವನೂ ಕೂತ. ನಾವು ಹಿಡಿಯಬೇಕಿದ್ದ ಗಾಡಿ ಹೋಯಿತು. ಹೋದರೆ ಹೋಗಲಿ, ಜನರಲ್ ಟಿಕೆಟ್ಟಿನ ದುಡ್ಡು ತಾನೇ. ಮುಂದಿನ ಗಾಡಿಗೆ ಹೊಸ ಟಿಕೆಟ್ ತಗೊಂಡು ರಾತ್ರಿ ಮನೆ ಸೇರಿದೆವು. ವ್ಯಾನ್ ಆಗಿದ್ದರೆ ಡ್ರೈವರ್ ಹಾರ್ನ್ ಹೊಡೆದು ಆ ಅಜ್ಜಿಯನ್ನು ಎಬ್ಬಿಸಿರುತ್ತಿದ್ದ. ಗಾಡಿ ನೋಡಿ ಊರು ಆರಿಸಿ ಅಂತ ನಾನು ಬಡಕೊಳ್ಳೋದು ಇದಕ್ಕೇ.

ಹೆಣ್ಣುಮಕ್ಕಳಿಗೆ ಇನ್ನೊಂದು ದಾರಿ ಇದೆ. ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದ ಒಳಗೆ ಮಾತ್ರ. ಹಾಗಾಗಿ ಗೌರಿಬಿದನೂರಿನವರೆಗೆ ನಮ್ಮ ಸಾಮಾನ್ಯ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಮುಂದಕ್ಕೆ ಮಾತ್ರ ದುಡ್ಡು ಕೊಡಿ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಕೈಯಲ್ಲಿರಲಿ. ಗೌರಿಬಿದನೂರಿನ ಹತ್ತಿರವೇ ವಿದುರಾಶ್ವತ್ಥ. 1938ರಲ್ಲಿ ಧ್ವಜ ಹಾರಿಸಿದ್ದಕ್ಕೆ ಪೊಲೀಸರು ಗುಂಡು ಹಾರಿಸಿದ ಜಾಗ. ಅದನ್ನು ಬಿಡಬೇಡಿ.

ನನಗೆ ಕೊಟ್ಟ ಸಮಯದಲ್ಲಿ ಅರ್ಧ ಲೇಪಾಕ್ಷಿಗೇ ಹೋಯಿತು. ಉಳಿದ ರಾಜ್ಯ ಬೇಗ ಬೇಗ ಹೇಳ್ತೀನಿ.

ತಮಿಳುನಾಡು: ಮೈಸೂರಿಂದ ಬಂದು ಕಡಲೂರಿಗೆ ಹೋಗುವ ಗಾಡಿಯನ್ನು ಬೆಂಗಳೂರಿನಲ್ಲಿ ಸಂಜೆ ಹತ್ತಿದರೆ ಬೆಳಗ್ಗೆ ತಂಜಾವೂರು. ಸ್ಲೀಪರ್ ಸಾಕು. ರಾತ್ರಿ ಗಾಡಿಯಲ್ಲಿ ಕಳೆದರೆ ಲಾಡ್ಜ್ ಬಾಡಿಗೆ ಉಳಿಯುತ್ತದೆ. ಸ್ಟೇಷನ್ನಿನ ರಿಟೈರಿಂಗ್ ರೂಮನ್ನು ಮೊದಲೇ ಬುಕ್ ಮಾಡಿದ್ದರೆ ಸ್ನಾನಕ್ಕೂ ಜಾಗ ಆಯಿತು. 1010ರಲ್ಲಿ ರಾಜರಾಜ ಚೋಳ ಕಟ್ಟಿ ಮುಗಿಸಿದ ಬೃಹದೀಶ್ವರ ದೇವಸ್ಥಾನಕ್ಕೆ ಬಿಸಿಲು ಏರುವ ಮೊದಲೇ ಹೋಗಿ. ಕಲ್ಲು ಕಾದರೆ ಕಾಲಿಡಲು ಆಗಲ್ಲ.

ಕೇರಳ: ಹೌಸ್‌ಬೋಟಿಗೆ ದುಡ್ಡು ಸುರಿಯಬೇಡಿ. ಆಲಪ್ಪುಳದಿಂದ ಕೋಟ್ಟಯಂ ಕಡೆಗೆ ಸರ್ಕಾರಿ ದೋಣಿ ಇದೆ, ನಮ್ಮಲ್ಲಿ ಬಸ್ಸಿದ್ದ ಹಾಗೆ. ಶಾಲೆ ಮಕ್ಕಳು, ಮೀನಿನ ಬುಟ್ಟಿ, ನೀವು, ಎಲ್ಲ ಒಂದೇ ದೋಣಿಯಲ್ಲಿ. ನೀರು ಅದೇ, ತೆಂಗಿನ ಸಾಲು ಅದೇ. ಕೋಟ್ಟಯಮ್ಮಿನಿಂದ ಬೆಂಗಳೂರಿಗೆ ನೇರ ಗಾಡಿ, ಕನ್ಯಾಕುಮಾರಿಯಿಂದ ಬರುವುದು.

ಗೋವಾ: ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಘಟ್ಟವನ್ನು ಹಗಲು ಹೊತ್ತಿನಲ್ಲಿ ಇಳಿಯುವ ಗಾಡಿ ಹುಡುಕಿ. ದೂಧ್‌ಸಾಗರ ಕಿಟಕಿಯಿಂದಲೇ ಕಾಣುತ್ತದೆ. ಹಳಿ ಮೇಲೆ ಇಳಿಯಬೇಡಿ. ಅದು ಅಪರಾಧ, ಪ್ರಾಣಕ್ಕೂ ಅಪಾಯ. ಸೆಲ್ಫಿಗೋಸ್ಕರ ಇಳಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಮುಂಗಡ ಬುಕಿಂಗ್ ಈಗ 60 ದಿನಕ್ಕೆ ಮೊದಲು ಶುರು. ತತ್ಕಾಲ್ ನೆಚ್ಚಿಕೊಂಡು ಕೂರಬೇಡಿ.

ಕೊನೆಯದಾಗಿ, ತುಂಬ ಜನಕ್ಕೆ ಗೊತ್ತಿಲ್ಲದ ಒಂದು ಟಿಕೆಟ್. ಸರ್ಕ್ಯುಲರ್ ಜರ್ನಿ ಟಿಕೆಟ್ ಅಂತ. ಬೆಂಗಳೂರಿನಲ್ಲಿ ಹೊರಟು ತಂಜಾವೂರು, ಮದುರೈ, ಕನ್ಯಾಕುಮಾರಿ, ತಿರುವನಂತಪುರ, ಎರ್ನಾಕುಲಂ ಸುತ್ತಿ ಬೆಂಗಳೂರಿಗೇ ವಾಪಸ್. ಎಲ್ಲಕ್ಕೂ ಒಂದೇ ಟಿಕೆಟ್. ದಾರಿಯಲ್ಲಿ ಎಂಟು ಕಡೆ ಇಳಿದು ಊರು ನೋಡಬಹುದು. ರೈಲಿನಲ್ಲಿ ದೂರ ಹೆಚ್ಚಾದಷ್ಟೂ ಕಿಲೋಮೀಟರಿನ ದರ ಇಳಿಯುತ್ತದೆ. ಒಂದೊಂದು ಊರಿಗೂ ಬಿಡಿ ಟಿಕೆಟ್ ತೆಗೆಯುವುದಕ್ಕಿಂತ ಅಗ್ಗ ಆಗುವುದು ಹಾಗೆ. ಇದು ಮೊಬೈಲಿನಲ್ಲಿ ಸಿಗಲ್ಲ. ಯಾವ ದಾರಿ, ಎಲ್ಲೆಲ್ಲಿ ಇಳಿಯುತ್ತೀರಿ ಅಂತ ಕಾಗದದಲ್ಲಿ ಬರೆದುಕೊಂಡು ದೊಡ್ಡ ಸ್ಟೇಷನ್ನಿಗೆ ಹೋಗಿ, ಹೊರಡುವ ದಿನಕ್ಕೆ ಸಾಕಷ್ಟು ಮುಂಚೆ. ಕೌಂಟರಿನಲ್ಲಿ ಕೂತವರು ಹೊಸಬರಾಗಿದ್ದು, 'ಹಾಗಂದ್ರೇನು' ಅಂತ ಕೇಳಿದರೆ ಬೇಜಾರು ಮಾಡ್ಕೋಬೇಡಿ. ಮೇಲ್ವಿಚಾರಕರನ್ನು ಕೇಳಿ, ಅವರು ಮಾಡಿಸಿಕೊಡುತ್ತಾರೆ. ಸೀಟಿನ ರಿಸರ್ವೇಶನ್ ಒಂದೊಂದು ಗಾಡಿಗೂ ಬೇರೆ ಮಾಡಿಸಬೇಕು, ಅದನ್ನೂ ಅದೇ ದಿನ ಮುಗಿಸಿಕೊಂಡು ಬನ್ನಿ.

ನಮಸ್ಕಾರ.