ಲೈಫ್ ಡ್ರೇನ್: ಕೊಡವೇ ಚಿಕ್ಕದಾದಾಗ

[ತೆರೆಯಲ್ಲಿ: ಕ್ಯಾರೆಕ್ಟರ್ ಶೀಟ್. ಎಚ್‌ಪಿ 44/44. ಪೆನ್ಸಿಲ್ ಹಿಡಿದ ಕೈ ಎರಡನ್ನೂ ಅಳಿಸಿ 23/23 ಎಂದು ಬರೆಯುತ್ತದೆ.]

ಇದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ದಾಳದ ಕಥೆಯಾಟದಲ್ಲಿ ಒಂದು ಪಾತ್ರದ ವಿವರದ ಹಾಳೆ. ಎಚ್‌ಪಿ ಅಂದ್ರೆ ಹಿಟ್ ಪಾಯಿಂಟ್, ಪಾತ್ರದ ಜೀವಬಲ: ಎಡಗಡೆ ಈಗ ಉಳಿದದ್ದು, ಬಲಗಡೆ ಅದರ ಗರಿಷ್ಠ. ಎಡಗಡೆಯ 44 ಇಳಿದು 23 ಆಗಿದ್ದು ಮಾಮೂಲಿ ಏಟು. ಗಾಬ್ಲಿನ್ ಅನ್ನೋ ಪುಟ್ಟ ರಾಕ್ಷಸ ಹೊಡೆದರೂ ಅದು ಇಳಿಯುತ್ತೆ. ಬಲಗಡೆಯ 44 ಕೂಡ 23 ಆಯ್ತಲ್ಲ, ಅದು ಲೈಫ್ ಡ್ರೇನ್. ಗಾಬ್ಲಿನ್ ಕೊಡದಲ್ಲಿರೋ ನೀರನ್ನ ಚೆಲ್ಲುತ್ತೆ, ರೈತ್ (wraith) ಅನ್ನೋ ಪ್ರೇತ ಕೊಡವನ್ನೇ ಚಿಕ್ಕದು ಮಾಡುತ್ತೆ. ಇನ್ನು ಗಾಯ ವಾಸಿ ಮಾಡೋ ಪೂಜಾರಿ ಪಾತ್ರ, ಅಂದ್ರೆ ಕ್ಲೆರಿಕ್, ಎಷ್ಟೇ ಸುರಿದರೂ ಹಿಡಿಯೋದು 23 ಮಾತ್ರ.

ಇವತ್ತಿನ ಲೆಕ್ಕವೆಲ್ಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯ 2014ರ ನಿಯಮಗಳದ್ದು. ಆದರೆ ಹಳೇ ಆಟಗಾರರು ರೈತ್ ಅಂದ್ರೆ ಈಗಲೂ ಯಾಕೆ ಬೆಚ್ಚಿಬೀಳ್ತಾರೆ ಅಂತ ಮೊದಲು ನೋಡೋಣ.

[ತೆರೆಯಲ್ಲಿ: 1974]

ಮೊದಲ ಆವೃತ್ತಿಯಿಂದಲೇ ಅನ್‌ಡೆಡ್, ಅಂದ್ರೆ ಸತ್ತೂ ಓಡಾಡೋ ಜೀವಿಗಳು, ಕದಿಯುತ್ತಿದ್ದದ್ದು ಲೆವೆಲ್ಲನ್ನ, ಪಾತ್ರ ಆಡಿ ಗಳಿಸಿದ ಮಟ್ಟವನ್ನ. ವೈಟ್ ಅಥವಾ ರೈತ್ ಮುಟ್ಟಿದರೆ ಒಂದು, ಸ್ಪೆಕ್ಟರ್ ಅಥವಾ ವ್ಯಾಂಪೈರ್ ಮುಟ್ಟಿದರೆ ಎರಡು. ತಪ್ಪಿಸಿಕೊಳ್ಳೋಕೆ ಹಾಕೋ ದಾಳ, ಸೇವಿಂಗ್ ಥ್ರೋ (ಚಿಕ್ಕದಾಗಿ ಸೇವ್) ಕೂಡ ಇರಲಿಲ್ಲ. ಅಡ್ವಾನ್ಸ್ಡ್ ಆವೃತ್ತಿಯಲ್ಲಂತೂ ನಿಮ್ಮ ಅನುಭವದ ಅಂಕಗಳು ಕೆಳಗಿನ ಲೆವೆಲ್‌ನ ಸರಿಯಾಗಿ ಮಧ್ಯಕ್ಕೆ ಬಂದು ಬೀಳ್ತಿದ್ದವು. 2,00,000 ಅಂಕ ಇರೋ ಎಂಟನೇ ಲೆವೆಲ್ ಫೈಟರ್‌ಗೆ ಒಂದು ವೈಟ್ ಕೈ ತಾಗಿದರೆ ಏಳನೇ ಲೆವೆಲ್, ಉಳಿಯೋದು ಸುಮಾರು 97,500 ಅಂಕ. ತಿಂಗಳುಗಟ್ಟಲೆ ಆಡಿದ್ದು ಒಂದು ದಾಳದಲ್ಲಿ ಹೋಯ್ತು. ವಾಪಸ್ ತರೋ ರೆಸ್ಟೊರೇಷನ್ ಆಗ ಏಳನೇ ಹಂತದ ಕ್ಲೆರಿಕ್ ಮಂತ್ರ.

ಭಯಕ್ಕೇನೋ ಇದು ಚೆನ್ನಾಗಿತ್ತು, ಆಟಕ್ಕೆ ಮಾತ್ರ ಕೆಟ್ಟದಾಗಿತ್ತು. ಹೊಡೆದಾಟದ ನಡುವೆ ಎಚ್‌ಪಿ, ಸೇವ್, ಮಂತ್ರ ಎಲ್ಲವನ್ನೂ ಅಳಿಸಿ ಮತ್ತೆ ಬರೀಬೇಕು. 2000ದಲ್ಲಿ ಬಂದ ಮೂರನೇ ಆವೃತ್ತಿ ಇದನ್ನ ನೆಗೆಟಿವ್ ಲೆವೆಲ್ ಮಾಡ್ತು: ಪ್ರತಿಯೊಂದಕ್ಕೂ ಎಚ್‌ಪಿ 5 ಕಡಿಮೆ, ದಾಳಿಗೂ ಸೇವ್‌ಗೂ ಮೈನಸ್ 1, 24 ಗಂಟೆ ಆದಮೇಲೆ ಒಂದು ಸೇವ್. ಅದರಲ್ಲಿ ಸೋತರೆ ಮಾತ್ರ ಲೆವೆಲ್ ಶಾಶ್ವತವಾಗಿ ಹೋಗುತ್ತೆ. ಐದನೇ ಆವೃತ್ತಿ ಲೆವೆಲ್ ತಂಟೆಗೇ ಹೋಗಲ್ಲ.

[ತೆರೆಯಲ್ಲಿ: ರೈತ್. ದಾಳಿ +6. 4ಡಿ8+3, ಸರಾಸರಿ 21. ಕಾನ್‌ಸ್ಟಿಟ್ಯೂಷನ್ ಸೇವ್ 14.]

ಕ್ರಮ ಹೀಗಿದೆ. ರೈತ್ ದಾಳಿಯ 20 ಮುಖದ ದಾಳ ಹಾಕುತ್ತೆ. ತಾಗಿದರೆ ನೆಕ್ರೋಟಿಕ್ (ಜೀವ ಹಿಂಡೋ) ಡ್ಯಾಮೇಜ್, 4ಡಿ8+3 ಅಂದ್ರೆ ಎಂಟು ಮುಖದ ನಾಲ್ಕು ದಾಳದ ಮೊತ್ತಕ್ಕೆ 3 ಸೇರಿಸಿದಷ್ಟು. ಅದು ಎಚ್‌ಪಿಯಿಂದ ಕಳೀತದೆ. ಆಮೇಲೆ ಕಾನ್‌ಸ್ಟಿಟ್ಯೂಷನ್, ಅಂದ್ರೆ ದೇಹದ ತಾಳಿಕೆಯ ಸೇವ್: 14 ಮುಟ್ಟಬೇಕು. ಸೋತರೆ, ಎಷ್ಟು ಡ್ಯಾಮೇಜ್ ಆಯ್ತೋ ಅಷ್ಟೇ ಗರಿಷ್ಠ ಎಚ್‌ಪಿಯಿಂದಲೂ ಕಳೀಬೇಕು. ನೆಕ್ರೋಟಿಕ್‌ಗೆ ರೆಸಿಸ್ಟೆನ್ಸ್ ಇದ್ದರೆ ಅರ್ಧವಾದ ಅಂಕಿಯನ್ನೇ ಎರಡೂ ಕಡೆ ಕಳೀರಿ. ಆಟ ನಡೆಸೋ ಡಿಎಂಗಳು (ಡಂಜನ್ ಮಾಸ್ಟರ್) ಇಲ್ಲಿ ತಪ್ಪಿ ಪೂರ್ತಿ ಅಂಕಿ ಕಳೆದುಬಿಡ್ತಾರೆ. ಗರಿಷ್ಠ ಎಚ್‌ಪಿ ಸೊನ್ನೆ ಆದ ಕ್ಷಣ ಸಾವು. ಬದುಕುಳಿಯೋಕೆ ಹಾಕೋ ಡೆತ್ ಸೇವ್ ಇಲ್ಲ, ಪಕ್ಕದವರು ಓಡಿ ಬಂದು ಎಬ್ಬಿಸೋ ಅವಕಾಶವೂ ಇಲ್ಲ.

ಐದನೇ ಲೆವೆಲ್‌ನ ಇಬ್ಬರನ್ನ ತಗೊಳ್ಳೋಣ. ಫೈಟರ್: ಆರ್ಮರ್ ಕ್ಲಾಸ್ (ತಾಗೋಕೆ ದಾಳಿ ಮುಟ್ಟಬೇಕಾದ ಅಂಕಿ) 18, ಎಚ್‌ಪಿ 44, ಸೇವ್‌ಗೆ +5. ರೈತ್ ತಾಗೋ ಸಾಧ್ಯತೆ 45%, ಸೇವ್ ತಪ್ಪೋದು 40%. ಅಂದ್ರೆ ಒಂದು ದಾಳಿಗೆ ಕೊಡ ಕುಗ್ಗೋದು 18%. ವಿಜರ್ಡ್: ಆರ್ಮರ್ ಕ್ಲಾಸ್ 12, ಎಚ್‌ಪಿ 32, ಸೇವ್‌ಗೆ +2. ತಾಗೋದು 75%, ಸೇವ್ ತಪ್ಪೋದು 55%. ಗುಣಿಸಿದರೆ 41%. ರೈತ್ ಗೋಡೆಯೊಳಗಿಂದ ತೂರಿ, 60 ಅಡಿ ಹಾರಿ ಬರುತ್ತೆ. ಹಾಗಾಗಿ ಫೈಟರ್‌ನ ಬಾಗಿಲಲ್ಲಿ ನಿಲ್ಲಿಸಿ ವಿಜರ್ಡ್‌ನ ಕಾಪಾಡ್ತೀವಿ ಅನ್ನೋ ಪ್ಲಾನ್ ಇಲ್ಲಿ ನಡೆಯಲ್ಲ.

[ತೆರೆಯಲ್ಲಿ: ವಿಜರ್ಡ್. 32/32 → 11/11]

ಬಹಳ ಜನ ಗಮನಿಸದ ಜಾಗ ಇದು, ಸ್ವಲ್ಪ ನಿಧಾನಕ್ಕೆ ನೋಡೋಣ. ಮೊದಲ ಏಟು 21, ಸೇವ್ ತಪ್ಪಿತು. ವಿಜರ್ಡ್ ಈಗ 11/11. ಎರಡನೇ ಏಟು 22, ಈ ಸಲ ಸೇವ್ ಪಾಸ್. ಮೇಜಿನ ಸುತ್ತ ಎಲ್ಲರೂ ನಿಟ್ಟುಸಿರು ಬಿಡ್ತಾರೆ. ಆದರೆ ವಿಜರ್ಡ್ ಸತ್ತಾಗಿದೆ.

ಯಾಕೆ? ಎಚ್‌ಪಿ ಸೊನ್ನೆಗೆ ಬಂದಮೇಲೆ ಮಿಕ್ಕ ಡ್ಯಾಮೇಜ್ ಗರಿಷ್ಠ ಎಚ್‌ಪಿಯಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ತಕ್ಷಣ ಸಾವು ಅಂತ ಇನ್ನೊಂದು ನಿಯಮ ಇದೆ. 22ರಲ್ಲಿ 11 ಕಳೆದರೆ ಮಿಕ್ಕಿದ್ದು 11. ಗರಿಷ್ಠವೂ ಈಗ 11. ಐದನೇ ಲೆವೆಲ್‌ನಲ್ಲಿ ಈ ನಿಯಮ ಯಾರಿಗೂ ನೆನಪಿರಲ್ಲ, ಯಾಕಂದ್ರೆ 32 ಮಿಗೋ ಹಾಗೆ ಹೊಡೆಯೋರು ಅಪರೂಪ. ಕೊಡ ಚಿಕ್ಕದಾದಮೇಲೆ ಅದು ಮತ್ತೆ ಜೀವಂತ. ರೈತ್ ಏಟು 22 ಅಥವಾ ಮೇಲೆ ಬರೋ ಸಾಧ್ಯತೆ ಸುಮಾರು 46%.

ಹಾಗಾಗಿ ಮೊದಲ ಸೇವ್ ತಪ್ಪಿದ ತಕ್ಷಣ ಆ ಪಾತ್ರವನ್ನ ರೈತ್‌ನಿಂದ ದೂರ ಕಳಿಸಿ. ಗಾಯ ವಾಸಿ ಮಾಡೋ ಕ್ಯೂರ್ ವೂಂಡ್ಸ್ ಮಂತ್ರ ಹಾಕಿ ಕೂರಬೇಡಿ: 11/11 ಇರೋರಿಗೆ ಅದರಿಂದ ಒಂದು ಎಚ್‌ಪಿಯೂ ಬರಲ್ಲ. ಏಡ್ ಮಂತ್ರ ಬೇರೆ, ಅದು ಗರಿಷ್ಠವನ್ನೇ 5 ಏರಿಸುತ್ತೆ. ಶಾರ್ಟ್ ರೆಸ್ಟ್ ಕೊಡವನ್ನ ದೊಡ್ಡದು ಮಾಡಲ್ಲ, ಲೆಸ್ಸರ್ ರೆಸ್ಟೊರೇಷನ್ ಮಂತ್ರವೂ ಮಾಡಲ್ಲ. ಲಾಂಗ್ ರೆಸ್ಟ್ ಬೇಕು, ಇಲ್ಲವೇ ಗ್ರೇಟರ್ ರೆಸ್ಟೊರೇಷನ್. ಅದಕ್ಕೆ ಒಂಬತ್ತನೇ ಲೆವೆಲ್ ಕ್ಲೆರಿಕ್ ಮತ್ತು 100 ಚಿನ್ನದ ನಾಣ್ಯದಷ್ಟು ವಜ್ರದ ಪುಡಿ ಬೇಕು.

ಇನ್ನೊಂದು ದುಬಾರಿ ತಪ್ಪು. ಬಿಸಿಲಲ್ಲಿ ರೈತ್ ದಾಳಿಗೆ ಡಿಸ್‌ಅಡ್ವಾಂಟೇಜ್ (ಎರಡು ಸಲ ದಾಳ ಹಾಕಿ ಕಡಿಮೆಯದ್ದೇ ಲೆಕ್ಕ) ಅಂತ ಓದಿ ಡೇಲೈಟ್ ಮಂತ್ರ ಹಾಕ್ತಾರೆ. 2014ರ ಡೇಲೈಟ್ ಪ್ರಖರ ಬೆಳಕು ಅಷ್ಟೇ, ಅದು ಬಿಸಿಲು ಅಂತ ಮಂತ್ರದಲ್ಲಿ ಎಲ್ಲೂ ಬರೆದಿಲ್ಲ. ಹೆಸರು ನಂಬಿ ಮೂರನೇ ಹಂತದ ಸ್ಲಾಟ್, ಅಂದ್ರೆ ಮಂತ್ರ ಹಾಕೋ ಒಂದು ಅವಕಾಶ, ಸುಟ್ಟ ಹಾಗೆ.

[ತೆರೆಯಲ್ಲಿ: ಶ್ಯಾಡೋ, ವ್ಯಾಂಪೈರ್, ವೈಟ್]

ಉಳಿದವರದ್ದು ಬೇಗ ಮುಗಿಸೋಣ. ವ್ಯಾಂಪೈರ್ ಕಚ್ಚಿದರೆ ಸೇವ್ ಇಲ್ಲ. ನೆಕ್ರೋಟಿಕ್ ಎಷ್ಟೋ ಅಷ್ಟು ನಿಮ್ಮ ಗರಿಷ್ಠದಿಂದ ಹೋಗುತ್ತೆ, ಅಷ್ಟೇ ಎಚ್‌ಪಿ ಅವನಿಗೆ ಸಿಗುತ್ತೆ. ಶ್ಯಾಡೋ ಕದಿಯೋದು ಸ್ಟ್ರೆಂತ್, ಅಂದ್ರೆ ದೇಹಬಲ: ತಾಗಿದಾಗಲೆಲ್ಲ 1ಡಿ4 (ನಾಲ್ಕು ಮುಖದ ಒಂದು ದಾಳ), ಸೇವ್ ಇಲ್ಲದೆ. ಅದು ಸೊನ್ನೆ ಆದರೆ ಸಾವು. ಸ್ಟ್ರೆಂತ್ 8 ಇರೋ ವಿಜರ್ಡ್‌ಗೆ ದಾಳ ಕೈಕೊಟ್ಟರೆ ಎರಡೇ ಏಟು ಸಾಕು. ಅಪಾಯದ ಅಳತೆಯಾದ ಚಾಲೆಂಜ್ ರೇಟಿಂಗ್ ಬರೀ 1/2 ಅಂತ ನೋಡಿ ಹೊಸ ಡಿಎಂಗಳು ನಾಲ್ಕು ಶ್ಯಾಡೋ ಇಳಿಸಿಬಿಡ್ತಾರೆ. ದಯವಿಟ್ಟು ಬೇಡ. ಸಮಾಧಾನ ಅಂದ್ರೆ ಸ್ಟ್ರೆಂತ್ ಶಾರ್ಟ್ ರೆಸ್ಟ್‌ಗೇ ವಾಪಸ್ ಬರುತ್ತೆ.

ವೈಟ್ ತನ್ನ ಲೈಫ್ ಡ್ರೇನ್‌ನಿಂದ ಕೊಂದ ಮನುಷ್ಯ 24 ಗಂಟೆ ಕಳೆದಮೇಲೆ ಅದರ ಅಪ್ಪಣೆ ಕೇಳೋ ಜಾಂಬಿಯಾಗಿ ಏಳ್ತಾನೆ. ಹೆಣ ಸುಟ್ಟರೆ ಏಳಲ್ಲ, ಆದರೆ ರೇಸ್ ಡೆಡ್ ಮಂತ್ರ ಹಾಕಿ ಬದುಕಿಸೋಕೂ ಆಗಲ್ಲ. ಬದುಕಿಸೋರು ಇರೋ ಊರು ದೂರ ಇದ್ದರೆ ಜೆಂಟಲ್ ರೆಪೋಸ್ ಹಾಕಿ. ಎರಡನೇ ಹಂತದ ಮಂತ್ರ, ರಿಚುಯಲ್ ಆಗಿ, ಅಂದ್ರೆ ನಿಧಾನವಾಗಿ ವಿಧಿಪೂರ್ವಕವಾಗಿ ಹಾಕಿದರೆ ಸ್ಲಾಟ್ ಕೂಡ ಖರ್ಚಾಗಲ್ಲ. ಚಿಟಿಕೆ ಉಪ್ಪು, ಹೆಣದ ಎರಡೂ ಕಣ್ಣಿನ ಮೇಲೆ ಒಂದೊಂದು ತಾಮ್ರದ ನಾಣ್ಯ. ಹತ್ತು ದಿನ ಆ ಹೆಣ ಅನ್‌ಡೆಡ್ ಆಗಲ್ಲ. ನಾಣ್ಯ ಮಾತ್ರ ಅಷ್ಟೂ ದಿನ ಕಣ್ಣಿನ ಮೇಲೇ ಇರಬೇಕು. ಗಾಡಿಯಲ್ಲಿ ಸಾಗಿಸೋದಾದರೆ ಮೇಲೊಂದು ಬಟ್ಟೆ ಬಿಗಿಯಾಗಿ ಕಟ್ಟಿ.